ಖಾಲಿ ಹೂ

ಬಸವಣ್ಣನ ತಲೆಯ ಮೇಲೆ ತನ್ನ ಬಳ್ಳಿಯ ಹೂ ಕಂಡು ಕುತುಬುದ್ದೀನ ಪಕ್ಕದ ಮನೆಯ ಪಡಸಾಲೆಯಲ್ಲೇ ನಿಂತುಬಿಟ್ಟ. ನಮಾಜು ಮುಗಿಸಿ, ತಂತಿ ಬದಲಿಸಿದ ಏಕತಾರಿಯನ್ನು ದೇವವ್ವನಿಗೆ ಕೊಟ್ಟು ಹೋಗಲು ಬಂದಿದ್ದ. ಕೊಡುವುದೇ ಮರೆತುಹೋಯಿತು. ದೇವರ ಜಗುಲಿಯ ತುಂಬ ಸೋರೆ ಹೂ, ಈಗಷ್ಟೇ ಅರಳಿದ ಬಿಳಿ ಹೂ.

"ದೇವವ್ವ, ಇವು ಎಲ್ಲಿವು?"

"ನಿನ್ನ ಸೊಸಿ ಕೊಟ್ಟಾಳೋ ಕುತುಬಣ್ಣ. ಶ್ರಾವಣ ಹಿಡದಾಗಿಂದ ದಿನಾ ಸಂಜಿಗೆ ತಂದು ಕೊಡ್ತಾಳ. ಬಂಗಾರದಂಥಾ ಹುಡುಗಿ."

ಲಕ್ಷ್ಮೇಶ್ವರದ ಈ ಓಣಿಗೆ ಶಿರಹಟ್ಟಿ, ಮುಂಡರಗಿ ಕಡೆಯ ಭಜನೆಯವರು ಹುಡುಕಿಕೊಂಡು ಬರುವುದು ಕುತುಬುದ್ದೀನನ ಏಕತಾರಿಗೆ. ಅದರ ಬುರುಡೆ ಸಂತೆಯಲ್ಲಿ ಸಿಗುವಂಥದ್ದಲ್ಲ. ಅಜ್ಜನ ಕಾಲದಿಂದ ಮಾಳಿಗೆಯ ಮೇಲೆ ಬೆಳೆಯುವ ದುಂಡನೆಯ ಕಹಿ ಸೋರೆ, ಸಿಪ್ಪೆ ದಪ್ಪ, ದನಿ ಗಟ್ಟಿ. ಹೋದ ವರ್ಷ ಮಂಗಗಳು ಒಂದು ಕಾಯಿಯನ್ನೂ ಉಳಿಸಲಿಲ್ಲ. ಡಬ್ಬಿಯ ತಳದಲ್ಲಿದ್ದ ಹಳೆಯ ಬೀಜ ಪೂರಾ ಊರಿದರೆ ಮೊಳೆತದ್ದು ಒಂದೇ. ಆ ಒಂದು ಬಳ್ಳಿಯಲ್ಲೂ ಈಗ ಮಿಡಿ ನಿಲ್ಲದೆ, ಬೆರಳುದ್ದವಾಗುವ ಮೊದಲೇ ಹಳದಿಯಾಗಿ ಉದುರುತ್ತಿತ್ತು. ಕುತುಬುದ್ದೀನ ಬೇವಿನ ಹಿಂಡಿ ಹಾಕಿದ, ದೃಷ್ಟಿಗೆಂದು ಹಂದರಕ್ಕೆ ಹಳೆಯ ಚಪ್ಪಲಿ ಕಟ್ಟಿದ, ಊರವರ ಕಣ್ಣನ್ನೆಲ್ಲ ಬೈದ. ತಾನು ಮಸೀದಿಗೆ ಹೋದ ಹೊತ್ತಿನಲ್ಲಿ ಮಾಳಿಗೆ ಹತ್ತುವ ಸೊಸೆಯ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಕೂಗಿದ ಕೂಡಲೇ ತಬಸ್ಸುಮ ಬಂದಳು. ವಿಷಯ ಕೇಳಿ ಅವಳಿಗೆ ಗಾಬರಿಗಿಂತ ಆಶ್ಚರ್ಯವೇ ಹೆಚ್ಚಾಯಿತು.

"ಕಾಯಿ ಇದ್ದ ಹೂ ಒಂದೂ ಮುಟ್ಟಿಲ್ಲರಿ ಮಾವಾರ. ಬುಡಕ ಸಣ್ಣ ಕಾಯಿ ಇರೋವನ್ನ ಹಂಗ ಬಿಟ್ಟೀನಿ. ಬರೇ ಉದ್ದ ದೇಟಿನ ಖಾಲಿ ಹೂ ಹರದೀನಿ."

ಕುತುಬುದ್ದೀನ ಅಲ್ಲೇ ಕುಕ್ಕರಿಸಿದ. "ಆ ಖಾಲಿ ಹೂವಿನ ಹುಡಿ ತಾಗಿದ್ರನ ತಾಯಿ, ಕಾಯಿ ನಿಲ್ಲೋದು. ನೀ ಮಕ್ಕಳನ್ನ ಬಿಟ್ಟು ಅಪ್ಪಂದಿರನ್ನ ಹರದಿ."

ಬೆಟಗೇರಿಯ ಮಗ್ಗದ ಮನೆಯ ಹುಡುಗಿ ಅವಳು. ಎಳೆ ಕಡಿದರೆ ಗುರುತಿಸಬಲ್ಲಳು, ಬಳ್ಳಿಯ ಸಂಸಾರ ಅವಳಿಗೇನು ಗೊತ್ತು. ಮದುವೆಯಾಗಿ ಬಂದ ವಾರದಲ್ಲೇ ಜ್ವರ ಬಂದು ಮಲಗಿದಾಗ ತಲೆದೆಸೆಯಲ್ಲಿ ಕೂತು ಕಷಾಯ ಕುಡಿಸಿದವಳು ದೇವವ್ವ. ಆ ಉಪಕಾರಕ್ಕೆ ಕೊಡಲು ಹೊಸ ಸೊಸೆಯ ಕೈಯಲ್ಲಿ ಏನಿತ್ತು? ಯಾರಿಗೂ ಬೇಡವಾದ ಹೂ ಅಂದುಕೊಂಡು ಕೊಟ್ಟಿದ್ದಳು. ಈಗ ಅವಳ ಕಣ್ಣು ತುಂಬಿತು.

"ಇವತ್ತ ಒಂದು ಕಾಯಿ ಹೂ ಅರಳೈತ್ರಿ," ಎಂದಳು ಸಣ್ಣ ದನಿಯಲ್ಲಿ. "ಅದ ಕಡೀದು. ಬಳ್ಳಿ ತುದಿ ಒಣಗಾಕತ್ತೈತಿ."

"ಮತ್ತ ಗಂಡು ಹೂ?"

"ಒಂದೂ ಇಲ್ಲರಿ. ಎಲ್ಲಾ ಇಲ್ಲೇ ಅದಾವು."

ಮೂವರೂ ಜಗುಲಿಯ ಕಡೆ ನೋಡಿದರು. ದೀಪ ಹಚ್ಚಿತ್ತು, ಆರತಿ ಇನ್ನೂ ಆಗಿರಲಿಲ್ಲ. ಅಜ್ಜನ ಬೀಜವೇ ಅಳಿದರೂ ಸರಿ, ಇನ್ನೊಬ್ಬರ ದೇವರಿಗೆ ಏರಿಸಿದ್ದನ್ನು ಬೇಡುವ ನಾಲಿಗೆ ಕುತುಬುದ್ದೀನನಿಗೆ ಇರಲಿಲ್ಲ. "ಇರಲಿ ಬಿಡ್ರಿ, ನಮ್ಮ ನಸೀಬ," ಎಂದು ಎದ್ದ.

ದೇವವ್ವ ಹೆಚ್ಚು ಯೋಚಿಸಲಿಲ್ಲ. ಕೈ ಚಾಚಿ ಬಸವಣ್ಣನ ತಲೆಯ ಮೇಲಿನ ಹೂವನ್ನೇ ತೆಗೆದುಕೊಂಡಳು.

"ಬಸವಣ್ಣ ಅಂದ್ರ ಎತ್ತೋ ಮಾರಾಯಾ. ಬೆಳಿ ಕೆಲಸಕ್ಕ ಕರದ್ರ ಒಲ್ಲೆ ಅಂತಾನೇನು? ನಡಿ, ಜಲ್ದಿ."

ಮೊಣಕಾಲು ನೋವಿನ ದೇವವ್ವ ಕುತುಬುದ್ದೀನನ ಮಾಳಿಗೆಯ ನಿಚ್ಚಣಿಕೆ ಹತ್ತಿದ್ದು ಅವತ್ತೇ ಮೊದಲು. ತಬಸ್ಸುಮ ಮೊಬೈಲಿನ ಬೆಳಕು ಹಿಡಿದಳು. ಹೂವಿನ ಮೇಲೆ ಒಂದಿಷ್ಟು ವಿಭೂತಿ ಬಿದ್ದಿತ್ತು. ದೇವವ್ವ ಅದನ್ನು ಊದಲು ಹೋದದ್ದೇ ತಡ, ಕುತುಬುದ್ದೀನ ಅಡ್ಡ ಕೈ ಹಿಡಿದ.

"ಊದಬ್ಯಾಡ ಬೇ, ಹುಡಿನೂ ಹಾರಿ ಹೋಗ್ತೈತಿ."

ಅವನು ಹೂವಿನ ಎಸಳು ಬಿಡಿಸಿ ಹಳದಿ ನಡುವನ್ನು ಮಾತ್ರ ಉಳಿಸಿಕೊಂಡ. ಅದನ್ನು ಸೊಸೆಯ ಕಡೆ ಚಾಚಿದ. "ನೀನ ಹಚ್ಚು. ಹರದ ಕೈ ಚೊಲೋದನ್ನೂ ಮಾಡಲಿ." ತಬಸ್ಸುಮ ಉಸಿರು ಬಿಗಿಹಿಡಿದು, ಕೂಸಿನ ಕೆನ್ನೆಗೆ ಕಾಡಿಗೆ ಬೊಟ್ಟಿಡುವಂತೆ, ಪುಟ್ಟ ಕಾಯಿ ಹೊತ್ತ ಆ ಹೂವಿನ ನಡುವಿಗೆ ಮೆಲ್ಲಗೆ ತಾಗಿಸಿದಳು.

ಕಾಯಿ ನಿಂತಿತು. ಹಳೆಯ ಲುಂಗಿಯ ಜೋಳಿಗೆಯಲ್ಲಿ ತೂಗಿ, ಚಳಿಗಾಲ ಕಳೆಯುವುದರೊಳಗೆ ಒಣಗಿ ಗಟ್ಟಿಯಾಯಿತು. ಕೊಯ್ದ ದಿನ ಕುತುಬುದ್ದೀನ ಬೀಜವನ್ನು ಎರಡು ಪಾಲು ಮಾಡಿ, ಒಂದು ಪಾಲು ದೇವವ್ವನ ಸೆರಗಿಗೆ ಸುರಿದ. "ಅಷ್ಟೂ ನನ್ನ ಮನ್ಯಾಗ ಇಟಗೊಂಡಿದ್ದ ನನ್ನ ತಪ್ಪು. ನಿನ್ನ ಹಂತ್ಯಾಕೂ ಇರಲಿ. ನೀ ಮಾಡಿದ್ದನ್ನ ನಾ ಇರೋತನಕಾ ಮರಿಯೂದಿಲ್ಲ ದೇವವ್ವ." ದೇವವ್ವ ಸೆರಗನ್ನು ಗಂಟು ಹಾಕಿಕೊಂಡಳು.

ಈ ಶ್ರಾವಣಕ್ಕೆ ಗೋಡೆಯ ಎರಡೂ ಕಡೆ ಬಳ್ಳಿ ಹಬ್ಬಿದೆ. ಬಸವಣ್ಣನಿಗೆ ಸಂಜೆಗೊಂದೇ ಹೂ. ಮೊನ್ನೆ ಕೊರ್ಲಹಳ್ಳಿಯಿಂದ ಬಂದಿದ್ದ ದೇವವ್ವನ ತಂಗಿ, ಆರತಿ ಆರುವ ಮೊದಲೇ ಅಕ್ಕ ಆ ಹೂವನ್ನೂ ತೆಗೆದುಕೊಂಡು ಹೊರಟಿದ್ದು ನೋಡಿ ಗಾಬರಿಯಾದಳು.

"ಅಕ್ಕಾ, ಪೂಜಿ ಮುಗಿಯೂದ್ರಾಗ ಹೂ ತಗದಿಯಲ್ಲ?"

ದೇವವ್ವ ಆಗಲೇ ನಿಚ್ಚಣಿಕೆಯ ಮೇಲಿದ್ದಳು. "ಬಸವಣ್ಣಂದು ಮುಗೀತವ್ವ," ಎಂದಳು, "ಬಳ್ಳೀದು ಬಾಕಿ ಐತಿ."