ಇಡಿಗಂಟು

ಯುಗಾದಿ ಕಳೆದು ಎಂಟು ದಿನವಾಗಿತ್ತು. ಬುಕ್ಕಾಂಬುಧಿ ಕಡೆಯಿಂದ ಬಂದ ಬೂರುಗದ ಕಾಯಿ ಬಿಸಿಲಿಗೆ ಬಾಯಿಬಿಟ್ಟು, ಅಜ್ಜಂಪುರದ ಮುನೀರ್ ಪಾಷಾನ ಹಾಸಿಗೆ ಅಂಗಡಿಯ ತುಂಬ ಹತ್ತಿಯ ಎಳೆ ಹಾರಾಡುತ್ತಿತ್ತು. ಮದುವೆ ಕಾಲ. ಕರಿಯಮ್ಮನ ಮಗಳಿಗೆ ಕೊಡುವ ಜೋಡಿ ಹಾಸಿಗೆ ಸಂಜೆಯೊಳಗೆ ಹೋಗಬೇಕು. ಮುನೀರ್ ಹಿಂಜುವ ಯಂತ್ರಕ್ಕೆ ಹತ್ತಿ ಕೊಡುತ್ತಿದ್ದ. ಅವನ ಹೆಂಡತಿ ಜಾಹೇದಾ ದಬ್ಬಳ ಹಿಡಿದು ಹಾಸಿಗೆಯ ಅಂಚು ಹೊಲಿಯುತ್ತಿದ್ದಳು. ಬೈಕು ನಿಲ್ಲಿಸಿ ಒಳಗೆ ಬಂದವನು ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಹೇಳಿದ: "ಚಂದ್ರಕುಮಾರ್ ಅಂತ ಸಾಬ್ರೆ. ಕಾರ್ಡಿನ ಬ್ಯಾಂಕಿಂದ, ವಸೂಲಿಗೆ ಬಂದಿದೀನಿ."

ಜಾಹೇದಾಳ ದಬ್ಬಳ ಬಟ್ಟೆಯಲ್ಲೇ ನಿಂತಿತು. ಮುನೀರ್ ಮಾತ್ರ ಯಂತ್ರ ಆರಿಸಿ, ರೆಪ್ಪೆಯ ಮೇಲಿನ ಹತ್ತಿ ಒರೆಸಿಕೊಂಡು ನಕ್ಕ. "ನಾಳೆಗೆ ಗಡುವು, ಇವತ್ತೇ ಬಂದ್ಬಿಟ್ರಲ್ಲ. ಕೂತ್ಕೊಳ್ಳಿ. ದುಡ್ಡು ರೆಡಿ ಐತೆ."

ಈ ಯಂತ್ರ ಕೊಳ್ಳಲು ಬಳಸಿದ್ದ ಹಳೇ ಕ್ರೆಡಿಟ್ ಕಾರ್ಡು ತಿಂಗಳು ತಿಂಗಳೂ ಬಡ್ಡಿ ಕೇಳುತ್ತಿತ್ತು; ಬಡ್ಡಿ ಮುಟ್ಟದ ಮನೆತನ ಮುನೀರ್‌ನದು. ದಸರೆಯ ಹೊತ್ತಿಗೆ ಇನ್ನೊಂದು ಬ್ಯಾಂಕಿನವರು ಅದರ ಬಾಕಿ ಅರವತ್ತು ಸಾವಿರವನ್ನು ತಮ್ಮ ಕಾರ್ಡಿಗೆ ವರ್ಗ ಮಾಡಿಕೊಂಡು, ಆರು ತಿಂಗಳು ಬಡ್ಡಿಯೇ ಇಲ್ಲ ಎಂದಾಗ, ಅದು ಅವನಿಗೆ ಸ್ನೇಹಿತ ಕೊಟ್ಟ ಕೈಸಾಲದಂತೆ ಕಂಡಿತ್ತು. ಕೈಸಾಲವೆಂದರೆ ಅವನ ಅಪ್ಪನ ಕಾಲದಿಂದಲೂ ಹೇಳಿದ ದಿನಕ್ಕೆ ಇಡಿಗಂಟು ಒಪ್ಪಿಸುವುದು. ಚೂರುಪಾರು ಕೈಗಿಟ್ಟರೆ ಕೊಟ್ಟವನಿಗೆ ಅವಮಾನ. ತಿಂಗಳಿಗೆ ಹತ್ತು ಸಾವಿರದಂತೆ ಒಂದು ದಿಂಬಿನೊಳಗಿಟ್ಟು ಹೊಲಿಯುತ್ತ ಬಂದ. ಶುರುವಿನಲ್ಲೇ ಫೋನಿಗೆ ದುಡ್ಡು ಕಟ್ಟಿ ಎಂಬ ಇಂಗ್ಲಿಷಿನ ಸಂದೇಶ ಬಂದಾಗ, "ಆರು ತಿಂಗಳು ಅಂತ ಹೇಳಿ ಮೊದಲನೇ ತಿಂಗಳೇ ಕೇಳ್ತಾರಲ್ಲ, ಇವರೆಂಥ ಜನ" ಎಂದು ಅಳಿಸಿಹಾಕಿದ್ದ.

ಈಗ ಆ ದಿಂಬನ್ನು ತಂದು ಹೊಲಿಗೆ ಕತ್ತರಿಸಿದ. ಆರು ಕಟ್ಟು ಹೊರಬಂದವು. ಚಂದ್ರಕುಮಾರ್ ಅವನ್ನು ಮುಟ್ಟಲಿಲ್ಲ.

"ಇದು ಸಾಕಾಗಲ್ಲ ಸಾಬ್ರೆ. ಎಪ್ಪತ್ತೆಂಟು ಸಾವಿರದ ನಾನೂರು ಆಗೈತೆ."

"ಬಡ್ಡಿ ಇಲ್ಲ ಅಂದಿದ್ರಲ್ಲಪ್ಪಾ?"

"ಇರ್ಲಿಲ್ಲ. ತಿಂಗಳಿಗೆ ಕನಿಷ್ಠ ಮೂರು ಸಾವಿರ ಕಟ್ಕೊಂಡು ಬಂದಿದ್ರೆ ಇವತ್ತಿಗೂ ಇರ್ತಿರ್ಲಿಲ್ಲ. ನೀವು ಮೊದಲನೇ ತಿಂಗಳೇ ತಪ್ಪಿಸಿದ್ರಿ. ಅವತ್ತೇ ಆ ಸವಲತ್ತು ಹೋಯ್ತು. ಅಲ್ಲಿಂದ ಮಾಮೂಲಿ ಬಡ್ಡಿ, ಮೇಲೆ ತಡ ಆದ್ದಕ್ಕೆ ದಂಡ."

"ದುಡ್ಡು ಇತ್ತಲ್ರೀ. ಇಲ್ಲೇ ಇತ್ತು, ದಿಂಬಲ್ಲಿ."

"ದಿಂಬಲ್ಲಿರೋದು ಬ್ಯಾಂಕಿಗೆ ಹೆಂಗೆ ಗೊತ್ತಾಗ್ಬೇಕು?"

ಮುನೀರ್‌ನ ಮುಖ ಕಪ್ಪಿಟ್ಟಿತು. ಒಂದೊಂದೇ ಕಟ್ಟನ್ನು ಎತ್ತಿ ಮಡಿಲಿಗೆ ಹಾಕಿಕೊಂಡ. "ಹಂಗಾದ್ರೆ ಇವತ್ತು ಬೇಡ. ಎರಡು ತಿಂಗಳು ಬಿಟ್ಟು ಬನ್ನಿ. ಉಳಿದದ್ದನ್ನೂ ಸೇರಿಸಿ ಒಟ್ಟಿಗೇ ಕೊಡ್ತೀನಿ. ಕಡಿಮೆ ದುಡ್ಡು ಕೊಟ್ಟು ನನಗೆ ಅಭ್ಯಾಸ ಇಲ್ಲ."

"ಬತ್ತೀನಿ, ನನಗೇನು? ಪೆಟ್ರೋಲು ಬ್ಯಾಂಕಿಂದು." ಚಂದ್ರಕುಮಾರ್ ಕರ್ಚೀಫು ತೆಗೆದು ಜೇಬಿಗಿಟ್ಟ. "ಆದ್ರೆ ಕೇಳಿ. ಈ ಅರವತ್ತು ಇವತ್ತು ಕಟ್ಟಿದ್ರೆ ನಾಳೆಯಿಂದ ಬಡ್ಡಿ ಬರೀ ಹದಿನೆಂಟರ ಮೇಲೆ. ವಾಪಸ್ ದಿಂಬಿಗೆ ಹೋದ್ರೆ ಎಪ್ಪತ್ತೆಂಟರ ಮೇಲೆ. ದಿನಾ ಬೆಳೀತದೆ, ಭಾನುವಾರನೂ ಬಿಡಲ್ಲ."

ಮುನೀರ್ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಕಟ್ಟುಗಳನ್ನು ಮತ್ತೆ ದಿಂಬಿನ ಹರಿದ ಬಾಯಿಗೆ ತುರುಕತೊಡಗಿದ. ನಾಲ್ಕನೆಯದಕ್ಕೆ ಕೈ ಹಾಕುವಷ್ಟರಲ್ಲಿ ಜಾಹೇದಾ ಎದ್ದು ಬಂದು ಅದರ ಇನ್ನೊಂದು ತುದಿ ಹಿಡಿದಳು. ಅವನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಪರರೆದುರು ಅವಳು ಗಂಡನ ಕೈ ತಡೆದವಳಲ್ಲ. ಆದರೆ ಆ ಒಂದೊಂದು ಕಟ್ಟಿಗೂ ಎಷ್ಟು ಹಾಸಿಗೆ, ಎಷ್ಟು ಅಂಚು ಎಂಬುದು ಅವಳ ಬೆರಳಿಗೆ ಗೊತ್ತಿತ್ತು.

"ಬಿಡು ಕಣೇ. ಒಪ್ಪಿದ ಮಾತು ಒಂದು ಐತೆ."

"ಐತೆ. ಆ ಮಾತಿಗೆ ಇನ್ನೂ ಎಷ್ಟು ಬಡ್ಡಿ ಕಟ್ತೀರಿ?"

ಮುನೀರ್‌ನ ಬೆರಳು ಸಡಿಲವಾಯಿತು.

"ನೀನೇ ಕೊಡು. ನನ್ನ ಕೈಯಿಂದ ಆಗಲ್ಲ" ಎಂದು ಗೋಡೆಯ ಕಡೆ ತಿರುಗಿ ಕುಳಿತ.

ಜಾಹೇದಾ ದಿಂಬಿನಿಂದ ಮೂರು ಕಟ್ಟನ್ನೂ ತೆಗೆದು, ಹತ್ತಿ ಊದಿ, ಆರನ್ನೂ ಎಣಿಸಿ ಕೊಟ್ಟಳು. ಚಂದ್ರಕುಮಾರ್ ರಸೀದಿ ಪುಸ್ತಕ ಬಿಚ್ಚಿದ. ಅವಳು ಕೊಂಚ ಗಟ್ಟಿಯಾಗಿಯೇ ಹೇಳಿದಳು:

"ಕಟ್ಟಿದ್ದು ಅವರ ಹೆಸರಲ್ಲಿ ಬರೀರಿ. ಬಾಕಿ ಹದಿನೆಂಟು ಸಾವಿರದ ನಾನೂರು ನನ್ನ ಹೆಸರಿಗೆ, ಜಾಹೇದಾ ಅಂತ, ಹಾಕ್ಕೊಳ್ಳಿ. ತಿಂಗಳು ತಿಂಗಳು ನಾನು ಕಟ್ತೀನಿ, ಚೂರುಚೂರೇ. ನನಗೇನೂ ನಾಚಿಕೆ ಇಲ್ಲ."

ಚಂದ್ರಕುಮಾರ್ ಅವಳತ್ತ ಬಾಗಿ ಮೆಲ್ಲಗೆ ಹೇಳಿದ: "ಹಂಗೆಲ್ಲ ಬರೆಯೋಕೆ ಬರಲ್ಲ ಅಕ್ಕಾ. ಕಾರ್ಡು ಅವರ್ದು, ಬಾಕಿನೂ ಅವರ್ದೇ."

ಜಾಹೇದಾಳೂ ದನಿ ತಗ್ಗಿಸಿದಳು. "ಗೊತ್ತು ಕಣಪ್ಪಾ. ಬರೆದ ಹಂಗೆ ಮಾಡು."

ಚಂದ್ರಕುಮಾರ್ ಗೋಡೆಗೆ ಮುಖ ಮಾಡಿ ಕುಳಿತವನ ಬೆನ್ನನ್ನೊಮ್ಮೆ ನೋಡಿದ. ರಸೀದಿಯನ್ನು ಮಗುಚಿ, ಖಾಲಿ ಹಿಂಬದಿಯ ಮೇಲೆ ಪೆನ್ನು ಊರಿ ನಿಧಾನವಾಗಿ ಬರೆದ. ಆಮೇಲೆ ಆ ಬೆನ್ನಿಗೆ ಕೇಳಿಸುವಂತೆ ಓದಿದ: "ಜಾಹೇದಾ. ಬಾಕಿ, ಹದಿನೆಂಟು ಸಾವಿರದ ನಾನೂರು."