ಇರಾಬು ಹಿಡಿದ ಕೈ

ನಾಬೆ ಗುಹೆಯ ಬಾಯಲ್ಲೇ ಕೂತುಬಿಟ್ಟಳು. ಮಂಡಿ ಇನ್ನು ಒಂದು ಹೆಜ್ಜೆಗೂ ಒಲ್ಲೆ ಎನ್ನುತ್ತಿತ್ತು. "ಸಾಕು, ಮನೆಗೆ ಹೋಗೋಣ" ಎಂದಳು. ಸೊಸೆ ಮಚಿರು ತೋಳಿನ ಬಟ್ಟೆಯನ್ನು ಭುಜದ ತನಕ ಮಡಚಿ ಕಟ್ಟಿ, ತಲೆ ಬಗ್ಗಿಸಿ ಒಳಗೆ ನುಗ್ಗಿದಳು.

ಓಕಿನಾವಾದ ಆ ಪುಟ್ಟ ದ್ವೀಪದಲ್ಲಿ ಹೊಗೆಯಲ್ಲಿ ಒಣಗಿಸಿ ಸಾರಿಗೆ ಮಾರುವ ಇರಾಬು ಎಂಬ ಕಡಲಹಾವು ಹಿಡಿಯುವ ಹಕ್ಕು ಹೆಂಗಸರದ್ದು, ಅದೂ ಕೆಲವೇ ಮನೆಗಳದ್ದು. ಹಿಡಿಯಬೇಕಾದದ್ದು ಬರಿಗೈಯಲ್ಲಿ. ಮನೆಯ ಹೆಂಗಸು ಗುಹೆಗಿಳಿಯದಿದ್ದರೆ ಹಕ್ಕು ಬೇರೆ ಮನೆಯ ಪಾಲು. ನಾಬೆಯ ಒಬ್ಬನೇ ಮಗ ಹೋದ ಚಳಿಗಾಲದಲ್ಲಿ ದೋಣಿಯ ಸಮೇತ ಮುಳುಗಿದ್ದ. ನೀನಿನ್ನೂ ಚಿಕ್ಕವಳು, ಮಕ್ಕಳಿಲ್ಲ ಮರಿಗಳಿಲ್ಲ, ತವರಿಗೆ ಹೋಗಿ ಇನ್ನೊಂದು ಮದುವೆಯಾಗು ಎಂದು ಅವಳು ಸೊಸೆಗೆ ಹೇಳುತ್ತಲೇ ಇದ್ದಳು. ಮಚಿರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹಾವೆಂದರೆ ದಾರಿ ಬದಲಿಸುತ್ತಿದ್ದವಳು, ಇವತ್ತು ಸಂಜೆ ಉಬ್ಬರ ಏರುವ ಹೊತ್ತಿಗೆ ಚೀಲ ಹಿಡಿದು ತಾನೇ ಮುಂದಾಗಿ ಹೊರಟಿದ್ದಳು.

ಒಳಗೆ ಮಸುಕು ಬೆಳಕು. ಮೊಟ್ಟೆಯಿಡಲು ಜಾಗ ಹುಡುಕುತ್ತ ಹಾವುಗಳು ಕಡಲಿಂದ ಬಂಡೆಯ ಬಿರುಕುಗಳಿಗೆ ಏರುತ್ತಿದ್ದವು. ತಿಳಿನೀಲಿ ಮೈ, ಅದಕ್ಕೆ ಬಳೆ ತೊಡಿಸಿದ ಹಾಗೆ ಕಪ್ಪು ಪಟ್ಟೆ, ದೋಣಿಯ ಹುಟ್ಟಿನಂಥ ಚಪ್ಪಟೆ ಬಾಲ. ನೀರಲ್ಲಿ ಕಣ್ಣಿಗೂ ಸಿಗದಷ್ಟು ಚುರುಕಾದವು ನೆಲದ ಮೇಲೆ ಮೈ ಎಳೆದುಕೊಂಡು ತೆವಳುತ್ತಿದ್ದವು. ಕಬ್ಬಿನ ಗದ್ದೆಯ ಹಾಬು ಹಾವಿಗಿಂತ ಎಷ್ಟೋ ಪಾಲು ಹೆಚ್ಚು ವಿಷ. ಆದರೆ ಸುಮ್ಮಸುಮ್ಮನೆ ಕಚ್ಚುವ ಜಾತಿಯಲ್ಲ.

ಮಚಿರು ಒಂದರ ಕತ್ತಿಗೆ ಕೈ ಹಾಕಿದಳು. ಅದು ಸರಸರನೆ ಮೊಣಕೈವರೆಗೆ ಸುತ್ತಿಕೊಂಡಿತು.

"ಬಾಯಿ ತೆಗೀತಾ ಇದೆ ಅತ್ತೆ."

"ನೀನು ಹಿಸುಕ್ತಾ ಇದೀಯ. ಹಿಸುಕಿದ್ರೆ ಕಚ್ಚುತ್ತೆ. ಕೈ ಸಡಿಲ ಮಾಡು."

"ತಪ್ಪಿಸ್ಕೊಂಡ್ರೆ?"

"ಬಿಡು ಅನ್ಲಿಲ್ಲ. ಸಡಿಲ ಮಾಡು ಅಂದೆ."

ಮೈಯೆಲ್ಲ ಬೇಡ ಬೇಡ ಅನ್ನುತ್ತಿರುವಾಗ ಬೆರಳು ಸಡಿಲಿಸುವುದು ಸುಲಭವಲ್ಲ. ಮಚಿರು ಹಲ್ಲು ಕಚ್ಚಿ ಸಡಿಲಿಸಿದಳು. ಹಾವಿನ ಬಾಯಿ ಮೆಲ್ಲಗೆ ಮುಚ್ಚಿತು. ಸೀಳುನಾಲಿಗೆ ಒಮ್ಮೆ ಅವಳ ಮಣಿಕಟ್ಟನ್ನು ಮುಟ್ಟಿ ಒಳಗೆ ಹೋಯಿತು. ಸುತ್ತು ಬಿಡಿಸಿ ಅದನ್ನು ಚೀಲಕ್ಕೆ ಇಳಿಸಿದಳು. ಆಮೇಲೆ ಇನ್ನೊಂದು ಹಿಡಿದಳು, ಮತ್ತೊಂದು ಹಿಡಿದಳು. ಹೊರಗೆ ಕೂತ ನಾಬೆ ಹೇಳಿಕೊಡುವುದನ್ನು ನಿಲ್ಲಿಸಿ ಸುಮ್ಮನೆ ನೋಡತೊಡಗಿದಳು.

ಕೊನೆಗೆ ಸಿಕ್ಕಿದ್ದು ಎಲ್ಲಕ್ಕಿಂತ ದಪ್ಪನೆಯದು. ಮಚಿರು ಅದರ ಹೊಟ್ಟೆಯಡಿ ಹೆಬ್ಬೆರಳು ಆಡಿಸಿದಳು, ಆಮೇಲೆ ಬಿರುಕಿನ ಬಾಯಲ್ಲಿ ಬಿಟ್ಟುಬಿಟ್ಟಳು. ನೀಲಿ ಬಾಲ ಕತ್ತಲೊಳಗೆ ಜಾರಿತು.

"ಅಷ್ಟು ಒಳ್ಳೇದು ಸಿಕ್ಕಿತ್ತು, ಯಾಕೆ ಬಿಟ್ಟೆ?" ಎಂದು ಅತ್ತೆ ಕೇಳಿದಳು.

ಮಚಿರು ಚೀಲದ ಬಾಯಿ ಬಿಗಿಯುತ್ತ ಹೇಳಿದಳು: "ಹೊಟ್ಟೆ ತುಂಬ ಮೊಟ್ಟೆ ಇದೆ ಅತ್ತೆ. ಮುಂದೆ ಹಿಡಿಯೋಕೆ ನನಗೆ ಹಾವು ಬೇಡ್ವಾ?"