ಆರ್ಕಿಡ್ ಕರೆದ ಅಮ್ಮ

ಆರ್ಕಿಡ್ ಅರಳಿದ ಕೂಡಲೇ ಯಾರನ್ನು ಅಮ್ಮ ಎನ್ನುತ್ತದೋ, ಹೊಸ ತಳಿಗೆ ಅವರದೇ ಹೆಸರು. ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿ, ಬಾಟಲಿಯಲ್ಲಿ ಸಸಿ ಎಬ್ಬಿಸಿ ಏಳು ವರ್ಷ ಬೆಳೆಸಿದವಳು ನಾನು. ಓರಗಿತ್ತಿ ಶಾರ್ವರಿ, ನಾನು ಆಸ್ಪತ್ರೆಯಲ್ಲಿದ್ದ ಹತ್ತು ದಿನ ನೀರು ಚಿಮುಕಿಸಿದ್ದಳು, ಅಷ್ಟೆ.

ಇಂದು ಮೊಗ್ಗು ಬಿರಿದು, ಹೂವು ಅವಳತ್ತ ತಿರುಗಿ "ಅಮ್ಮಾ" ಎಂದಿತು. ನಾನು ಮುಖ ತಿರುಗಿಸಿದೆ.

"ಅದಕ್ಕೇನು ಗೊತ್ತು ಬಿಡಿ, ಅಕ್ಕಾ. ನೀವು ಅದರ ಹತ್ರ ತುಟಿ ಬಿಚ್ಚಲ್ಲ, ನಾನು ವಟವಟ ಅಂತಿದ್ದೆ," ಎಂದಳು.

"ಸಾಕು. ಹೋಗಿ ಹೆಸರು ಬರೆಸ್ಕೋ."

ಅವಳು ಸಪ್ಪಗೆ ಹೋದ ಮೇಲೆ ಹೂವಿನತ್ತ ಬಾಗಿದೆ. "ನಾನು ಕಣೇ ನಿನ್ನಮ್ಮ. ಒಂದ್ಸಲ ಅನ್ನು."

ಹೂವು ಶಾರ್ವರಿಯದೇ ದನಿಯಲ್ಲಿ ಹೇಳಿತು: "ಅಳ್ಬೇಡ ಪುಟ್ಟಾ, ನಮ್ಮಕ್ಕ ಹುಷಾರಾಗಿ ಬಂದೇ ಬರ್ತಾರೆ."